ರೆಕ್ಕೆಯಳಿಲು ಉಂಡ ಮನೆ

ಹಲ್ಲುಜ್ಜುತ್ತಿದ್ದ ನಾಳೆರಾಯನ ತಲೆಯ ಮೇಲೆ ಗಾಳಿಕಿಂಡಿಯಿಂದ ಏನೋ ದೊಪ್ಪನೆ ಬಿತ್ತು. ಪೊರಕೆಯಂಥ ಬಾಲ, ಬೆನ್ನಿಗೆ ಮೂರು ಗೆರೆ, ಹೆಗಲಿಗೆ ಎರಡು ಬೂದು ರೆಕ್ಕೆ. ರೆಕ್ಕೆಯಳಿಲು! ಮರಗಳೆಲ್ಲ ಒಣಗಿ ಭೂಮಿ ಬೋಳಾದ ಮೇಲೆ ಅದನ್ನು ಕಂಡವರೇ ಇರಲಿಲ್ಲ. ಅದರ ಕಾಲಿಗೆ ಕಟ್ಟಿದ್ದ ನೀಲಿ ಉಣ್ಣೆಯ ಎಳೆ ಕಂಡು ಅವನ ಕೈಯ ಬ್ರಷ್ಷು ಜಾರಿತು. ಹೆಂಡತಿಯ ಮಫ್ಲರಿನ ಎಳೆ ಅದು. ಹೆಣೆದುಕೊಟ್ಟವನೇ ಅವನು.

ಎರಡು ವರ್ಷದ ಹಿಂದೆ, ಮರ ಹುಡುಕುವವರ ಗುಂಪಿನ ಜೊತೆ ಹೊರಟಾಗ ಅವಳು ಇವನನ್ನೂ ಕರೆದಿದ್ದಳು. ನೀರಿನ ಕಾರ್ಖಾನೆಯಲ್ಲಿ ಜಾಲರಿ ತೊಳೆಯುವ ಇವನು "ನಾಳೆ ಬರ್ತೀನಿ ಕಣೇ" ಎಂದಿದ್ದ. ಆ ನಾಳೆ ಬರಲಿಲ್ಲ, ಹೆಸರು ಮಾತ್ರ ಅಂಟಿಕೊಂಡಿತು. ಅಂದಿನಿಂದ ಕೆಲಸ ಬಿಟ್ಟರೆ ಹೊಸ್ತಿಲು, ಹೊಸ್ತಿಲು ಬಿಟ್ಟರೆ ಕೆಲಸ. ಹಾಸಿಗೆಯ ಮೇಲೆ ಎರಡು ದಿಂಬು ಇಡುವುದನ್ನು ಅವನಿನ್ನೂ ಬಿಟ್ಟಿರಲಿಲ್ಲ.

ಪಕ್ಕದ ಕೋಣೆಯ ಅಜ್ಜಿ ಓಡಿಬಂದಳು. "ಇದು ಹೊಟ್ಟೆ ತುಂಬ ಉಂಡ ಮನೆ ಮರೆಯಲ್ಲ ಕಣಪ್ಪ. ಎಲ್ಲಿ ಬಿಟ್ರೂ ಅಲ್ಲಿಗೇ ವಾಪಸ್."

"ಅಂದ್ರೆ ಹಾರಿಬಿಟ್ಟು ಹಿಂದೇನೇ ಹೋದ್ರೆ..."

"ನಿನ್ನ ಹೆಂಡ್ತಿ ಎದುರಿಗೆ ನಿಂತಿರ್ತೀಯ!"

ನಾಳೆರಾಯ ಬೂಟು ಎಳೆದುಕೊಂಡ. "ಇವತ್ತೇನಾ?" ಎಂದು ಎದುರು ಕೋಣೆಯ ಬೆಸುಗೆಯವನು ಬಾಯಿ ಬಿಟ್ಟ.

"ಇವತ್ತೇ."

ಸುದ್ದಿ ಕೇಳಿ ಓಣಿಗೆ ಓಣಿಯೇ ನೆರೆಯಿತು. "ಪಾಪ, ಬಡಕಲಾಗಿದೆ. ಖಾಲಿ ಹೊಟ್ಟೇಲಿ ಕಳಿಸ್ತೀಯಾ?" ಎಂದು ಅಜ್ಜಿ ಬಿಸ್ಕತ್ತು ನೆನೆಸಿ ತಿನ್ನಿಸಿದಳು. ಬೆಸುಗೆಯವನು ತಾನೇನು ಕಡಿಮೆಯೆಂದು ಇನ್ನೆರಡು ತುರುಕಿದ. ನಾಳೆರಾಯ ತನ್ನ ಅಂದಿನ ಪಾಲನ್ನೂ ಕೊಟ್ಟುಬಿಟ್ಟ. ಹೆಂಡತಿ ಮುದ್ದಿಸಿ ಸಾಕಿದ ಪ್ರಾಣಿಯನ್ನು ಹಸಿದು ಕಳಿಸಲು ಅವನಿಗೆ ಮನಸ್ಸಾದರೂ ಹೇಗೆ ಬಂದೀತು?

ಹೊಟ್ಟೆ ಡೋಲಿನಂತಾದ ಅಳಿಲು ರೆಕ್ಕೆ ಎತ್ತಲಿಲ್ಲ. ಬೆಸುಗೆಯವನು ಮೇಲೆ ಎಸೆದ; ಅದು ನೆಟ್ಟಗೆ ಅಜ್ಜಿಯ ಬಟ್ಟೆಯ ತೊಟ್ಟಿಗೆ ಬಿತ್ತು. ಒರೆಸಿ, ಒಣಗಿಸಿ, ಒಂದು ನಿದ್ದೆ ತೆಗೆಸಿದ ಮೇಲೆ ಕೊನೆಗೂ ಹಾರಿತು. ನಾಳೆರಾಯ ಹಿಂದೆ ಬಿದ್ದ. ಬೂದಿಗುಡ್ಡದಲ್ಲಿ ಬೂಟಿನ ಅಟ್ಟೆ ಬಾಯಿ ಬಿಟ್ಟಿತು, ಒಣಗಿದ ಕೆರೆಯಲ್ಲಿ ಎರಡು ಸಲ ಮುಗ್ಗರಿಸಿದ. ಆದರೂ ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದ: 'ನಾಳೆ ಅಂದಿದ್ನಲ್ಲ, ಬಂದೆ ನೋಡು.' ಅವಳು ಮೊದಲು ಬೈಯುತ್ತಾಳೋ ನಗುತ್ತಾಳೋ ಎಂದು ಯೋಚಿಸಿದಾಗ, ಬೈದರೂ ಸಾಕು, ಆ ದನಿ ಕೇಳಿದರೆ ಸಾಕು ಎನ್ನಿಸಿತು.

ಸಂಜೆಯ ಧೂಳಿನಲ್ಲಿ ಅಳಿಲು ಒಂದು ಸಾಲು ಕೋಣೆಗಳ ಹಿಂಬದಿಗೆ ಇಳಿದು, ಒಂದು ಗಾಳಿಕಿಂಡಿಯೊಳಗೆ ತೂರಿತು. ನಾಳೆರಾಯ ಹಿತ್ತಲ ಬಾಗಿಲು ತಳ್ಳಿ "ಬಂದೆ ಕಣೇ!" ಎಂದು ನುಗ್ಗಿದ.

ಎದುರಿಗೆ ಎರಡು ದಿಂಬುಗಳಿದ್ದವು. ನೆಲದ ಮೇಲೆ ಬೆಳಗಿನ ಬ್ರಷ್ಷು ಬಿದ್ದಿತ್ತು. ಅಳಿಲು ಈಗ ಹೊಟ್ಟೆ ತುಂಬ ಉಂಡ ಮನೆಗೇ ವಾಪಸು ಬಂದಿತ್ತು.

ಸದ್ದು ಕೇಳಿ ಅಜ್ಜಿಯೂ ಬೆಸುಗೆಯವನೂ ಬಂದರು. "ಅವಳು ಸಿಕ್ಕಿದ್ಲಾ?" ಎಂದಳು ಅಜ್ಜಿ.

"ಯಾರು?"

"ನಿನ್ನ ಹೆಂಡ್ತಿ ಕಣೋ! ನೀನು ಹೋದ ಸ್ವಲ್ಪ ಹೊತ್ತಿಗೆ ಬಂದ್ಲು. ಮರ ಸಿಕ್ಕಿದೆಯಂತೆ. ನಿನ್ನ ಕರ್ಕೊಂಡು ಹೋಗೋಕೆ ಬರ್ತಿದ್ಲಂತೆ, ಈ ಮುಂಡೇದು ದಾರೀಲಿ ತಪ್ಪಿಸ್ಕೊಂಡು ಮುಂದೆ ಬಂದ್ಬಿಡ್ತಂತೆ. ನೀನು ಅವಳನ್ನ ಹುಡ್ಕೊಂಡು ಗುಡ್ಡದ ಕಡೆ ಹೋದೆ ಅಂದ್ವಿ. 'ಅವರು ಹೊರಟ್ರಾ? ಇವತ್ತೇ?' ಅಂತ ಅತ್ತೇಬಿಟ್ಲು. ನಿಂತ ಕಾಲಲ್ಲೇ ನಿನ್ನ ಹಿಂದೆ ಓಡಿದ್ಲು."

"ತಡೀಬಾರದಿತ್ತಾ ಅಜ್ಜಿ?"

"ತಡೆದೆ ಕಣಪ್ಪ. 'ಕೂತು ಕಾದಿದ್ದು ಸಾಕು' ಅಂದ್ಲು. ಇದನ್ನ ನಿನಗೆ ಕೊಡು ಅಂದ್ಲು."

ನೀಲಿ ಎಳೆ ಸುತ್ತಿದ್ದ ಒಂದು ಹಸಿರು ಎಲೆ. ನಾಳೆರಾಯ ಹುಟ್ಟಿದಾಗಿನಿಂದ ಹಸಿರೆಲೆ ಮುಟ್ಟಿರಲಿಲ್ಲ. ಕಣ್ಣು ತುಂಬಿ ಅದನ್ನು ಮೂಗಿನ ಹತ್ತಿರ ತಂದ. ಅಷ್ಟರಲ್ಲಿ ಅಳಿಲು ಹೆಗಲಿಗೆ ಹಾರಿ, ಕಸಿದು, ಕರುಕುರು ತಿಂದು ಮುಗಿಸಿತು.

"ಸರಿಹೋಯ್ತು, ಇನ್ನಿದು ಈ ಮನೆ ಬಿಟ್ಟು ಹೋಗಲ್ಲ ಬಿಡು" ಎಂದ ಬೆಸುಗೆಯವನು.

ಹೋದರೆ ಅವಳು ಇಲ್ಲಿಗೆ ಬಂದುಬಿಟ್ಟಾಳು. ಕೂತರೆ ಅವಳು ಗುಡ್ಡದಲ್ಲಿ ಒಬ್ಬಳೇ ಅಲೆದಾಳು.

"ಹೋಗ್ತೀಯೋ, ಇರ್ತೀಯೋ?" ಎಂದಳು ಅಜ್ಜಿ. ಈಗ ಅವನ ಬಾಯಿಗೆ 'ನಾಳೆ'ಯೂ ಬರಲಿಲ್ಲ. ಒಂದು ಬೂಟು ಕಾಲಿನಲ್ಲಿ, ಅಟ್ಟೆ ಕಿತ್ತ ಇನ್ನೊಂದು ಕೈಯಲ್ಲಿ, ನಾಳೆರಾಯ ಹೊಸ್ತಿಲ ಮೇಲೆ ಕೂತ.