ಯಂತ್ರದ ಅಧಿಕಾರಿ ಮತ್ತು ಕೆಟಲ್

ಅವನು ವಿಜ್ಞಾನದ ಪದವೀಧರ. ಆದರೂ ಆ ಮಾತ್ರೆ ಕಾರ್ಖಾನೆಯ ಲ್ಯಾಬಿನಲ್ಲಿ ಎಲ್ಲರೂ ಕರೆಯುವುದು ಟೀ ಮಾಸ್ಟರ್ ಎಂದೇ. ಎಲ್ಲರಿಗಿಂತ ಕಿರಿಯ ಎಂಬ ಒಂದೇ ತಪ್ಪಿಗೆ ಕೆಟಲ್ ಅವನ ಕೊರಳಿಗೆ ಬಿದ್ದಿತ್ತು.

ಈಗ ಬಿಡುಗಡೆಯ ಕಾಲ ಬಂದಿತ್ತು. ಗುಣಮಟ್ಟ ಪರೀಕ್ಷಿಸುವ ಹೊಸ ನಿಯರ್ ಇನ್‌ಫ್ರಾರೆಡ್ ಯಂತ್ರಕ್ಕೆ ಮಾತ್ರೆಯನ್ನು ಪುಡಿ ಮಾಡುವುದೂ ಬೇಡ, ಕರಗಿಸುವುದೂ ಬೇಡ. ಕಣ್ಣಿಗೆ ಕಾಣದ ಬೆಳಕು ಬಿಟ್ಟು, ಮೊದಲೇ ತೋರಿಸಿಟ್ಟ ಒಳ್ಳೆಯ ಮಾತ್ರೆಗಳ ಜೊತೆ ಹೋಲಿಸಿ, ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು ದೀಪ ಹೊತ್ತಿಸುತ್ತದೆ. ಬೇಸಿಗೆಯಿಡೀ ಅದಕ್ಕೆ ಪಾಠ ಹೇಳಿದವನು ಟೀ ಮಾಸ್ಟರೇ.

"ಇವತ್ತು ತಪಾಸಣೆ ಪಾಸಾದ್ರೆ ಈ ಯಂತ್ರಕ್ಕೆ ನೀನೇ ಅಧಿಕಾರಿ ಕಣಯ್ಯಾ. ಟೀಗೆ ಬೇರೆ ಯಾರನ್ನಾದ್ರೂ ನೋಡ್ತೀನಿ," ಎಂದರು ಮ್ಯಾನೇಜರ್. ಹಾಗೆಂದವರ ಕಣ್ಣು ಯಂತ್ರದ ಪಕ್ಕದಲ್ಲೇ ಬುಸುಗುಡುತ್ತಿದ್ದ ಕೆಟಲ್ ಮೇಲೆ ಬಿತ್ತು. "ಅಯ್ಯಯ್ಯೋ, ಲ್ಯಾಬಲ್ಲಿ ಟೀ ಕಾಯಿಸ್ತೀವಿ ಅಂತ ಗೊತ್ತಾದ್ರೆ ಮಾನ ಹೋಗುತ್ತೆ! ಮೊದಲು ಅದನ್ನ ಬಚ್ಚಿಡು!"

ಟೀ ಮಾಸ್ಟರ್ ಖುಷಿಯಿಂದಲೇ ಅದನ್ನು ಬೀರುವಿಗೆ ತುರುಕಿದ.

ತಪಾಸಣೆಯ ಮೇಡಂ ಬಂದರು. ಅವನು ಮಾತ್ರೆ ಇಟ್ಟ. ಕೆಂಪು. ಇನ್ನೊಂದು ಇಟ್ಟ. ಅದೂ ಕೆಂಪು. ನಿನ್ನೆ ಹಸಿರು ಬಂದಿದ್ದ ಡಬ್ಬಿಯ ಮಾತ್ರೆಗಳೂ ಕೆಂಪು!

"ಗಾಜು ಒರೆಸಪ್ಪಾ," ಎನ್ನುತ್ತಾ ಹಿರಿಯ ಸಹೋದ್ಯೋಗಿ ಅಕ್ಕ ತಾವೇ ಒರೆಸಲು ಹೋಗಿ ಅದರ ಮೇಲೆ ಐದೂ ಬೆರಳು ಮೂಡಿಸಿದರು. "ಆಫ್ ಮಾಡಿ ಆನ್ ಮಾಡೋ, ನನ್ನ ಮಗಳ ಫೋನು ಹಂಗೇ ಸರಿಹೋಗೋದು," ಎಂದ ಸ್ಟೋರ್‌ಕೀಪರ್. ಗಾಜನ್ನು ಮತ್ತೆ ಒರೆಸಿದ್ದಾಯಿತು, ಆಫ್ ಮಾಡಿ ಆನ್ ಮಾಡಿದ್ದಾಯಿತು, ಯಾರೋ ಯಂತ್ರದ ತಲೆಗೊಂದು ಬಾರಿಸಿದ್ದೂ ಆಯಿತು. ಕೆಂಪು ಬಿಟ್ಟು ಬೇರೆ ಬಣ್ಣ ಬರಲಿಲ್ಲ. ಟೀ ಮಾಸ್ಟರ್ ಮ್ಯಾನೇಜರ್ ಕಡೆ ತಿರುಗಿದ.

"ಮೇಡಂಗೆ ಒಂದು ಕಪ್ ಟೀನಾದ್ರೂ ಕೊಡೋ, ಮನಸ್ಸು ಕರಗಲಿ," ಎಂದು ಮ್ಯಾನೇಜರ್ ಪಿಸುಗುಟ್ಟಿದರು.

"ಮಾನ ಹೋಗುತ್ತೆ ಅಂದ್ರಲ್ಲ ಸಾರ್?"

"ಅದು ಆಗಲೇ ಹೋಯ್ತು. ನೀನು ಕಾಯಿಸು!"

ಕೆಟಲ್ ಹಳೆಯ ಜಾಗಕ್ಕೆ ಬಂತು. ಆವಿ ಎದ್ದಿತು. ಅವನು ಸುಮ್ಮನಿರಲಾರದೆ ಇನ್ನೊಂದು ಮಾತ್ರೆ ಇಟ್ಟ. ಹಸಿರು! ಮತ್ತೊಂದು, ಅದೂ ಹಸಿರು! ಅಕ್ಕ ಚಪ್ಪಾಳೆ ತಟ್ಟಿದರು. "ನಾನು ಹೇಳ್ಲಿಲ್ವಾ?" ಎಂದು ಸ್ಟೋರ್‌ಕೀಪರ್ ಎಲ್ಲರ ಮುಖ ನೋಡಿದ.

ಮೇಡಂ ಮಾತ್ರ ನೋಡಿದ್ದು ಕೆಟಲನ್ನು. ಅದನ್ನು ಆರಿಸಿ, ಆವಿ ಅಡಗುವವರೆಗೆ ಕಾದು, ಮಾತ್ರೆ ಇಡಿಸಿದರು. ಕೆಂಪು. ಮತ್ತೆ ಹಚ್ಚಿಸಿದರು. ಹಸಿರು.

"ಪಾಠ ಹೇಳೋವಾಗ್ಲೂ ಇದು ಇಲ್ಲೇ ಕುದೀತಿತ್ತಾ?"

"ಹೂಂ ಮೇಡಂ, ದಿನಾ. ಇವರಿಗೆಲ್ಲ ಟೀ ಬೇಕಲ್ಲ..."

"ಸರಿಹೋಯ್ತು. ಈ ಬೆಳಕಿಗೆ ಒಂಚೂರು ತೇವ ಇದ್ರೂ ಕಾಣುತ್ತೆ. ಆವಿ ಕುಡಿದ ಮಾತ್ರೆನೇ ಒಳ್ಳೇ ಮಾತ್ರೆ ಅಂತ ಕಲಿಸಿಬಿಟ್ಟಿದೀರ! ಯಂತ್ರ ಚೆನ್ನಾಗೇ ಇದೆ, ಪಾಠ ಮೊದಲಿಂದ ಆಗ್ಬೇಕು. ಒಣ ಗಾಳೀಲೂ ಕಲಿಸಿ, ತೇವದ ಗಾಳೀಲೂ ಕಲಿಸಿ. ಅಲ್ಲಿವರೆಗೆ ಹಳೇ ಥರಾನೇ ಪುಡಿ ಮಾಡಿ ಪರೀಕ್ಷೆ ಮಾಡಿ."

"ಹಾಗಾದ್ರೆ ಯಂತ್ರದ ಅಧಿಕಾರಿ..." ಎಂದು ಟೀ ಮಾಸ್ಟರ್ ಮೆಲ್ಲಗೆ ಕೇಳಿದ.

"ನೀವೇ," ಎಂದರು ಮೇಡಂ. "ಇಷ್ಟು ಕಷ್ಟಪಟ್ಟಿದೀರಲ್ಲ." ಮ್ಯಾನೇಜರೂ ತಲೆಯಾಡಿಸಿದರು.

ಅವನ ಮುಖ ಅರಳಿತು. ಆ ಕ್ಷಣವೇ ಕೆಟಲನ್ನು ಎತ್ತಿ ಸ್ಟೋರ್‌ಕೀಪರ್ ಕೈಗೆ ಕೊಡಲು ಹೋದ.

"ಏಯ್, ಕೊಡ್ಬೇಡಿ!" ಎಂದರು ಮೇಡಂ. "ತೇವದ ಗಾಳಿಗೆ ಅದೇ ಬೇಕು. ಇವತ್ತಿಂದ ಕೆಟಲ್ ಯಂತ್ರದ ಭಾಗ. ಅಧಿಕಾರಿ ಬಿಟ್ರೆ ಬೇರೆ ಯಾರೂ ಅದನ್ನ ಮುಟ್ಟೋ ಹಾಗಿಲ್ಲ."

ಹೊಸ ಅಧಿಕಾರಿ ಕೆಟಲನ್ನು ಮತ್ತೆ ಯಂತ್ರದ ಪಕ್ಕದಲ್ಲೇ ಇಟ್ಟ.

"ನೀರು ಹೇಗೂ ಕುದ್ದಿದೆಯಲ್ಲ," ಎಂದರು ಮೇಡಂ. "ನನಗೆ ಸಕ್ಕರೆ ಕಡಿಮೆ."