ಸೊಪ್ಪು ಹಾಕಿದ ಕಥೆ

ಎಷ್ಟೆಷ್ಟೋ ತಲೆಗಳನ್ನು ತಿದ್ದಿ ತೀಡಿದ ಕೈ ಇದು. ಹದಿನೈದು ವರ್ಷದ ಒಂದು ತಲೆಯನ್ನು ತಿದ್ದಲಾರೆನೇ? ಹಾಗೆಂದು ನಾನು, ಅಂದರೆ ಬೀದಿಯ ಕೊನೆಯ ಸಲೂನಿನ ಒಡೆಯ, ಹೆಂಡತಿಯ ಮುಂದೆ ಎದೆ ತಟ್ಟಿಕೊಂಡು ಶಪಥ ಮಾಡಿದೆ!

ಕಾರಣವಿತ್ತು. ಮಗಳು ಓಟಗಾರ್ತಿ. ಅಭ್ಯಾಸದ ನಡುವೆ ಮೈದಾನದಲ್ಲಿ ತಲೆ ಸುತ್ತಿ ಕುಸಿದು ಕೂತಿದ್ದಳು. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಎಂದ ಡಾಕ್ಟರು ಮಾತ್ರೆ ಕೊಟ್ಟು, ಸೊಪ್ಪು, ಕಾಳು ಚೆನ್ನಾಗಿ ತಿನ್ನಿಸಿ ಎಂದರು. ಅದು ಸರಿಹೋಗುವವರೆಗೆ ಓಟಕ್ಕೆ ಸೇರಿಸುವುದಿಲ್ಲ ಎಂದು ಶಾಲೆಯ ಆಟದ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಮಗಳು ಗೋಡೆಗೆ ಮುಖ ಮಾಡಿ ಅತ್ತಳು. ಆದರೂ ಊಟದ ಹೊತ್ತಿಗೆ ಅದೇ ಚಿಪ್ಸು, ಅದೇ ಬಿಸ್ಕತ್ತು!

“ಒಂದ್ಚೂರು ಸೊಪ್ಪು ತಿನ್ನಮ್ಮಾ.”

“ಬೇಡಪ್ಪಾ, ಹುಲ್ಲಿನ ವಾಸನೆ!”

“ನಿಮ್ಮ ಮಾತಿಗೆ ಅವಳು ಯಾವತ್ತು ಸೊಪ್ಪು ಹಾಕಿದ್ದಾಳೆ?” ಎಂದು ಹೆಂಡತಿ ನಕ್ಕಳು.

“ಅವಳು ಹಾಕದಿದ್ರೆ ಬಿಡು, ನಾನೇ ಹಾಕ್ತೀನಿ! ಅವಳಿಗೆ ಗೊತ್ತೇ ಆಗದ ಹಾಗೆ!”

ಮರುದಿನ ಬೆಳಿಗ್ಗೆ ಪಾಲಕ್ ಬೇಯಿಸಿ, ರುಬ್ಬಿ, ಸೋಸಿ, ನಿಂಬೆಹಣ್ಣು ಹಿಂಡಿ ಮಗಳ ಸ್ಟೀಲ್ ಬಾಟಲಿಗೆ ತುಂಬಿದೆ. ಅಂಗಡಿಯ ನಲ್ಲಿ ಕೆಟ್ಟಿದ್ದರಿಂದ ಅಂಥದೇ ಇನ್ನೊಂದು ಬಾಟಲಿಗೆ ನೀರು ತುಂಬಿದೆ. ಕಿಟಕಿಯಿಂದ ಎಳೆಬಿಸಿಲು ಬೀಳುತ್ತಿತ್ತು. ಪಾತ್ರೆಯಲ್ಲಿ ಉಳಿದ ಹಸಿರನ್ನು ನೋಡುತ್ತ ನೋಡುತ್ತ ಎಲ್ಲೋ ತೇಲಿಹೋದೆ. ಹಸಿರು ಮೈದಾನ, ನೆಲಕ್ಕೆ ಕಾಲೇ ಊರದೆ ಹಾರುವ ನನ್ನ ಮಗಳು, ಅವಳೆದುರು ಗುರಿಯಲ್ಲಿ ಗಾಳಿಗೆ ಅಲುಗುವ ಬಿಳಿ ಪಟ್ಟಿ...

“ರೀ, ಹೊತ್ತಾಯ್ತು!”

ಕೈಗೆ ಸಿಕ್ಕ ಬಾಟಲಿ ಎತ್ತಿಕೊಂಡು ಅಂಗಡಿಗೆ ಓಡಿದೆ.

ಮೊದಲ ಗಿರಾಕಿಯೇ ಆಟದ ಮೇಷ್ಟ್ರು! ಹತ್ತಿಯಂಥ ಬಿಳಿ ತಲೆ. “ಬೇಗ ಆಗ್ಲಿ, ಇವತ್ತು ಶಾಲೇಲಿ ಗ್ರೂಪ್ ಫೋಟೋ,” ಎಂದು ಕಣ್ಣು ಮುಚ್ಚಿದರು. ನಾನು ಬಾಟಲಿಯನ್ನು ನೀರು ಚಿಮುಕಿಸುವ ಕಪ್ಪು ಡಬ್ಬಿಗೆ ಬಗ್ಗಿಸಿ ಕೆಲಸಕ್ಕಿಳಿದೆ. ಕತ್ತರಿಯ ಸದ್ದಿಗೆ ಮತ್ತೆ ಅದೇ ಮೈದಾನ ತೆರೆದುಕೊಂಡಿತು. ಮೇಷ್ಟ್ರ ತಲೆಯೂ ಹಸಿರಾಗುತ್ತಿದೆ! ಆಹಾ, ಎಂಥ ಕನಸು ಎಂದು ಇನ್ನಷ್ಟು ಚಿಮುಕಿಸಿದೆ!

“ಏನಯ್ಯಾ ಇದು, ನಿಂಬೆಹಣ್ಣಿನ ವಾಸನೆ?” ಎಂದು ಮೇಷ್ಟ್ರು ಕಣ್ಣು ಬಿಟ್ಟರು. ಕನ್ನಡಿಯಲ್ಲಿ ಹುಲ್ಲುಗಾವಲು!

ತೊಳೆಯೋಣವೆಂದರೆ ನಲ್ಲಿಯಲ್ಲಿ ಹನಿ ನೀರಿಲ್ಲ. ಟವಲಿನಿಂದ ಉಜ್ಜಿದೆ, ಹಸಿರು ಕಿವಿಗೂ ಇಳಿಯಿತು. ನಾನು ತೊದಲುತ್ತಾ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಅವರು ಗಡಿಯಾರ ನೋಡಿ, ಹಸಿರು ತಲೆಯಲ್ಲೇ ಫೋಟೋಗೆಂದು ಎದ್ದು ಹೋದರು. ಸೊಪ್ಪು ಹಾಕಲು ಹೋಗಿ ಮಗಳ ಓಟಕ್ಕೇ ಕಲ್ಲು ಹಾಕಿದೆನಲ್ಲಾ!

ಸಂಜೆ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಾ ಬಂದಳು. “ಅಪ್ಪಾ, ನನ್ನ ಬಾಟಲೀಲಿ ಬರೀ ನೀರು! ಸೊಪ್ಪೆಲ್ಲ ಸಾರ್ ತಲೆ ಮೇಲೆ!”

“ಮೇಷ್ಟ್ರು ಏನಂದ್ರು?” ಎಂದೆ.

“‘ನಾನು ತಲೆ ಮೇಲೆ ಹೊತ್ಕೊಂಡಿದ್ದೀನಿ, ನೀನು ಹೊಟ್ಟೆಗಾದ್ರೂ ಹಾಕ್ಕೋ. ರಕ್ತ ಸರಿಹೋದ ದಿನ ಓಡಿಸ್ತೀನಿ’ ಅಂದ್ರು. ಕದ್ದುಮುಚ್ಚಿ ಕೊಡ್ಬೇಡಪ್ಪಾ, ತಟ್ಟೆಗೇ ಬಡಿಸು.”

“ನೋಡಿದ್ಯಾ ನನ್ನ ಮಾತಿನ ಮಹಿಮೆ!” ಎಂದೆ ಹೆಂಡತಿಗೆ.

“ನಿಮ್ಮ ಮಾತಿನದಲ್ಲ, ಮೇಷ್ಟ್ರ ತಲೇದು!”

ಕೆಲವು ತಿಂಗಳಲ್ಲಿ ರಕ್ತ ಸರಿಹೋಯಿತು. ಓಟದ ದಿನ ಅದೇ ಹಸಿರು ಮೈದಾನ, ಅದೇ ಬಿಳಿ ಪಟ್ಟಿ. ಚಿವುಟಿಕೊಂಡು ನೋಡಿದೆ, ಕನಸಲ್ಲ. ಎಲ್ಲಿ ಮತ್ತೆ ತಲೆ ಸುತ್ತುತ್ತದೋ ಎಂದು ಜೀವ ಬಾಯಿಗೆ ಬಂದಿತ್ತು. “ನಿಧಾನ ಮಗಳೇ, ನಿಧಾನ!” ಎಂದು ಬೇಲಿ ಹಿಡಿದು ಅರಚಿದೆ.

ಎಲ್ಲರಿಗಿಂತ ಮೊದಲು ಪಟ್ಟಿ ಮುಟ್ಟಿದಳು. ಪುಣ್ಯಕ್ಕೆ, ಅವತ್ತೂ ಅವಳು ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ!