ಒಂದೇ ಒಂದು ದೂರು

"ದೂರಿಲ್ಲದ ಹಾಡುಗಾರನಿಗೆ ನನ್ನ ವೇದಿಕೆ ಇಲ್ಲ," ಎಂದು ಸಭಾಂಗಣದ ಯಜಮಾನ ಬೆಳಗ್ಗೆ ಒಂಬತ್ತಕ್ಕೇ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟ.

ಎದುರಿಗೆ ನಿಂತಿದ್ದವನು ಗರಗಸ. ಅದು ಅವನು ತಾನೇ ಇಟ್ಟುಕೊಂಡ ಹೆಸರು. ಪಂಕ್ ರಾಕ್ ಹಾಡುಗಾರ. ತನ್ನ ಹಾಡು ತಾನೇ ಬರೆಯುವ ಕವಿ. ಮೂವತ್ತು ವರ್ಷದಿಂದ ಸರ್ಕಾರದ ಮೇಲೆ, ಸಮಾಜದ ಮೇಲೆ, ಅಕ್ಕಪಕ್ಕದವರ ಮೇಲೆ ಬೆಂಕಿ ಕಾರುತ್ತ ಬಂದಿದ್ದ. ಮೊಣಕಾಲಲ್ಲಿ ಹರಿದ ಪ್ಯಾಂಟು, ಕಿವಿಯಲ್ಲಿ ಪಿನ್ನು. ಐವತ್ತೆರಡರ ವಯಸ್ಸಿಗೆ ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲನ್ನೂ ಗೋಂದು ಹಚ್ಚಿ ಮೊಳೆಗಳಂತೆ ನಿಲ್ಲಿಸುತ್ತಿದ್ದ. ಇಷ್ಟೆಲ್ಲ ಮಾಡಿಯೂ ದೊಡ್ಡ ವೇದಿಕೆ ಒಮ್ಮೆಯೂ ಹತ್ತಿರಲಿಲ್ಲ. ಈ ಸಂಜೆ ಹತ್ತಬೇಕಿತ್ತು.

ಯಜಮಾನ ಗೋಡೆ ತೋರಿಸಿದ. ಅಲ್ಲಿ ಹಾಡಿದ ಒಬ್ಬೊಬ್ಬರ ಮೇಲೂ ಅವರವರ ಬೀದಿಯವರು ಪೊಲೀಸರಿಗೆ ಕೊಟ್ಟ ದೂರುಗಳು ಕಟ್ಟು ಹಾಕಿಸಿಕೊಂಡು ಸಾಲಾಗಿ ನೇತಾಡುತ್ತಿದ್ದವು.

"ಜನಕ್ಕೆ ಕೋಪ ಬರಿಸದ ಮೇಲೆ ಅದೆಂಥ ಪಂಕ್ ರೀ? ಆ ಹತ್ತೊಂಬತ್ತು ವರ್ಷದ ಹುಡುಗರ ತಂಡ ನೋಡಿ, ಹನ್ನೊಂದು ದೂರು! ನೀವು ಠಾಣೆ ಮೊಹರು ಹಾಕಿಸಿ ಒಂದೇ ಒಂದು ತನ್ನಿ ಸಾಕು. ಐದು ಗಂಟೆವರೆಗೆ ಕಾಯ್ತೀನಿ. ಇಲ್ಲಾಂದ್ರೆ ಆರಕ್ಕೆ ಅವರೇ ಹಾಡ್ತಾರೆ."

ಒಂದು ದೂರು ತಾನೆ, ಅದೇನು ಮಹಾ ಎಂದುಕೊಂಡು ಗರಗಸ ಮನೆಗೆ ಬಂದ. ಕಿಟಕಿ ತೆರೆದು ಪಕ್ಕದ ಮನೆಯ ದೊಡ್ಡಮ್ಮನ ಅಡುಗೆಮನೆಯತ್ತ ಧ್ವನಿವರ್ಧಕ ತಿರುಗಿಸಿ, "ಬೀದಿಯ ಹೆಣಗಳೇ, ಕಿಟಕಿ ಮುಚ್ಚಿ ಕೊಳೆಯಿರಿ" ಎಂದು ಅರಚಿದ. ಪಾತ್ರೆಗಳು ಗಡಗಡ ನಡುಗಿದವು. ದೊಡ್ಡಮ್ಮನ ಕಿಟಕಿ ಫಟ್ಟನೆ ತೆರೆದುಕೊಂಡಿತು. ಗರಗಸನ ಎದೆ ಹಿಗ್ಗಿತು.

"ಕಿಟಕಿ ಮುಚ್ಚಿದ್ರೆ ಸರಿಯಾಗಿ ಕೇಳಿಸ್ತಿರಲಿಲ್ಲ ಕಣೋ," ಎಂದರು ದೊಡ್ಡಮ್ಮ. "ಗಂಟಲು ಒಣಗಿದೆಯಲ್ಲೋ ಮಗಾ! ತಾಳು, ಬಿಸಿನೀರಿಗೆ ಜೇನು ಹಾಕಿ ತರ್ತೀನಿ."

ತಂದರು. ಕುಡಿಯುವವರೆಗೂ ಸೊಂಟದ ಮೇಲೆ ಕೈಯಿಟ್ಟು ನಿಂತರು.

ಆಮೇಲೆ ಅವನು ಕೊನೆಮನೆಯ ಮೇಷ್ಟ್ರ ಬಾಗಿಲಿಗೆ ಹೋದ. ನಿವೃತ್ತರು, ಮೂಗಿನ ಮೇಲೆ ಸಿಟ್ಟು ಇರುವವರು ಎಂಬ ಹೆಸರಿತ್ತು. ನಿಂತ ನಿಲುವಿನಲ್ಲೇ ಅವರ ಮೇಲೊಂದು ಪದ್ಯ ಕಟ್ಟಿ, ಗೂಬೆ ಎಂದು ಕರೆದು, ಹಾಡಿದ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು.

"ಗೂಬೆ ಚೆನ್ನಾಗಿದೆ ಕಣಯ್ಯ, ಹೊಂದುತ್ತೆ. ಆದ್ರೆ ಎರಡನೇ ಸಾಲಲ್ಲಿ ಎರಡು ಮಾತ್ರೆ ಜಾಸ್ತಿ ಬಿದ್ದಿದೆ. ಕೂತ್ಕೋ, ಸರಿ ಮಾಡೋಣ."

ಬೈಗುಳವನ್ನು ಛಂದಸ್ಸಿಗೆ ಕೂರಿಸುವಷ್ಟರಲ್ಲಿ ಗಂಟೆ ಹನ್ನೆರಡಾಯಿತು. ಗರಗಸ ತಲೆ ಚಚ್ಚಿಕೊಂಡು ಅಲ್ಲಿಂದ ಓಡಿ, ದರ್ಜಿಯ ಅಂಗಡಿಯ ಹಲಗೆ ಹತ್ತಿ ಕುಣಿದ. ದರ್ಜಿ ಅವನ ಪ್ಯಾಂಟನ್ನೇ ಹಿಡಿದುಕೊಂಡ.

"ಈ ಹರಕು ನೋಡಿ ನೋಡಿ ನನ್ನ ಹೊಟ್ಟೆ ಉರಿಯುತ್ತೆ ಅಣ್ಣಾ. ಇವತ್ತು ಬಿಡಲ್ಲ. ಬಿಚ್ಚು!"

ಒಂದು ಗಂಟೆಗೆ ಗರಗಸ ಬೀದಿಗೆ ಬಂದಾಗ ಗಂಟಲು ಜೇನಾಗಿತ್ತು, ಪದ್ಯ ಶುದ್ಧವಾಗಿತ್ತು, ಪ್ಯಾಂಟಿನಲ್ಲಿ ಒಂದು ತೂತೂ ಇರಲಿಲ್ಲ. ಮದುವೆಗೆ ಹೊರಟ ಗುಮಾಸ್ತನಂತೆ ಕಾಣುತ್ತಿದ್ದ. ದೊಡ್ಡಮ್ಮನ ಮೆಟ್ಟಿಲ ಮೇಲೆ ಕುಸಿದು ಕುಳಿತು, ಯಜಮಾನನ ಷರತ್ತು, ಆ ಹುಡುಗರ ಹನ್ನೊಂದು ದೂರು, ಎಲ್ಲವನ್ನೂ ಹೇಳಿದ.

"ದೊಡ್ಡಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಮೇಲೆ ಒಂದು ದೂರು ಕೊಡಿ. ನಿಮಗ್ಯಾರಿಗೂ ಸಿಟ್ಟೇ ಬರಲ್ವಾ?"

"ಬರದೇ ಏನು? ಹತ್ತು ಸಲ ಒಲೆ ಮೇಲಿನ ಹಾಲು ನಿನ್ನಿಂದ ಉಕ್ಕಿದೆ," ಎಂದರು ದೊಡ್ಡಮ್ಮ. ಆಮೇಲೆ ದನಿ ತಗ್ಗಿಸಿದರು. "ನಿಮ್ಮಮ್ಮ ಇರೋವರೆಗೂ ಅವಳ ಮುಖ ನೋಡಿ ಯಾರೂ ಬೈಲಿಲ್ಲ. ಹೋಗೋ ಮುಂಚೆ ಮನೆಮನೆಗೂ ಬಂದಿದ್ಳು ಕಣೋ. ಊದಿಕೊಂಡ ಆ ಕಾಲಲ್ಲಿ ಅದು ಹೇಗೆ ನಡೆದಳೋ, ದೇವರಿಗೇ ಗೊತ್ತು. 'ನಾನಿಲ್ಲದ ಮೇಲೆ ಕೂಗಾಡ್ತಾನೆ, ಅವನ್ನ ಯಾರೂ ಬೈಬೇಡಿ' ಅಂದ್ಳು. ಎಲ್ರೂ ದೇವರ ದೀಪದ ಮುಂದೆ ಮಾತು ಕೊಟ್ಟಿದೀವಿ."

ಗರಗಸನಿಗೆ ಇದು ಗೊತ್ತಿರಲಿಲ್ಲ. ಅಮ್ಮ ಹೋಗಿ ವರ್ಷವಾಗುತ್ತ ಬಂದಿತ್ತು. ಪ್ಯಾಂಟಿನ ಮೊಣಕಾಲಿಗೆ ಬಿದ್ದ ಹೊಲಿಗೆಯನ್ನು ಸವರಿದ.

"ಇದು ನನ್ನ ಕಡೇ ಅವಕಾಶ ದೊಡ್ಡಮ್ಮಾ," ಎಂದ. "ಇನ್ನು ಯಾರೂ ಕರೆಯಲ್ಲ."

ದೊಡ್ಡಮ್ಮ ಅವನ ಮುಖ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಬೈಬೇಡಿ ಅಂದಿದ್ದಾಳೆ. ದೂರು ಕೊಡಬೇಡಿ ಅಂತ ಅಂದಿಲ್ಲವಲ್ಲ! ಏಳು!"

"ಒಂದೇ ಸಾಕು ದೊಡ್ಡಮ್ಮಾ..."

"ಒಂದಾ? ಆ ಹುಡುಗರಿಗೆ ಹನ್ನೊಂದಂತೆ! ನಮ್ಮ ಬೀದಿಗೆ ಮಾನ ಮರ್ಯಾದೆ ಬೇಡವಾ?"

ಬೀದಿಗೆ ಬೀದಿಯೇ ಎದ್ದಿತು. ಮೇಷ್ಟ್ರು ಬರೆಯಲು ಕುಳಿತರು. "ಸದರಿ ವ್ಯಕ್ತಿಯ ಕಂಠವು ಕತ್ತೆಗೂ ನಾಚಿಕೆ ತರುವಂಥದ್ದು" ಎಂದು ಬರೆದು, "ಬೇಜಾರಿಲ್ಲ ತಾನೆ?" ಎಂದು ಅವನನ್ನೇ ಕೇಳಿದರು. ದರ್ಜಿ ಅಂಗಡಿ ಮುಚ್ಚಿ ತನ್ನ ಗಿರಾಕಿಗಳನ್ನೂ ಎಳೆದುಕೊಂಡು ಬಂದ. ಠಾಣೆಯ ಮುಂದೆ ಸಾಲು ಬೆಳೆಯಿತು. ಮೊಹರು ಒತ್ತಿ ಒತ್ತಿ ಪೇದೆಯ ಕೈ ಬಾತುಕೊಂಡಿತು. ನಾಲ್ಕೂವರೆಗೆ ಲೆಕ್ಕ ಹಾಕಿದರೆ ಅರವತ್ತೆರಡು!

ಯಜಮಾನ ಆ ಕಟ್ಟನ್ನು ನೋಡಿ ಗರಗಸನನ್ನು ಅಪ್ಪಿಕೊಂಡ. "ನಿಮ್ಮನ್ನ ಎಷ್ಟು ಹಗುರವಾಗಿ ಕಂಡುಬಿಟ್ಟೆ! ನೀವು ಮನುಷ್ಯರಲ್ಲ ಸಾರ್, ಪಿಡುಗು!"

ಆರು ಗಂಟೆಗೆ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲುಗಳಲ್ಲಿ ಬೀದಿಯವರೆಲ್ಲ ಒಗೆದ ಬಟ್ಟೆ ಹಾಕಿಕೊಂಡು ಕುಳಿತಿದ್ದರು. ಗರಗಸ ಮೈಕು ಹಿಡಿದ. ಮೂವತ್ತು ವರ್ಷದ ಉಸಿರನ್ನು ಒಟ್ಟಿಗೆ ಒಳಗೆಳೆದುಕೊಂಡು ಬಾಯಿ ತೆರೆದ.

ಆ ತೆರೆದ ಬಾಯಿಯ ಮುಂದೆ ಒಂದು ಕಾಗದ ಬಂತು. ಅದರ ಹಿಂದೆ ಇನ್ಸ್‌ಪೆಕ್ಟರು.

"ಇಪ್ಪತ್ತು ವರ್ಷದ ಸರ್ವೀಸಲ್ಲಿ ಕೊಲೆಗಾರನ ಮೇಲೂ ಇಷ್ಟು ದೂರು ಬಂದಿಲ್ಲ ಕಣ್ರೀ! ಒಂದೇ ದಿನ ಐವತ್ತು ದಾಟಿದ್ರೆ ನನ್ನ ಕೈಲಿ ಏನೂ ಇಲ್ಲ. ಒಂದು ವರ್ಷ ಹಾಡೋ ಹಾಗಿಲ್ಲ. ವೇದಿಕೆ ಮೇಲೂ ಇಲ್ಲ, ಮನೇಲೂ ಇಲ್ಲ, ಬಚ್ಚಲಲ್ಲೂ ಇಲ್ಲ."

ದೊಡ್ಡಮ್ಮ ಧಡಕ್ಕನೆ ಎದ್ದರು. "ಅಯ್ಯೋ ಸ್ವಾಮಿ, ನಾವು ಪ್ರೀತಿಯಿಂದ ಕೊಟ್ಟದ್ದು!"

"ಅಂದ್ರೆ ಸುಳ್ಳು ದೂರಾ? ಹಾಗಿದ್ರೆ ಹೇಳಿ, ಅರವತ್ತೆರಡು ಜನಾನೂ ಒಳಗೆ ಹಾಕ್ತೀನಿ."

ದೊಡ್ಡಮ್ಮ, ಮೇಷ್ಟ್ರು, ದರ್ಜಿ, ಎಲ್ಲರೂ ಗರಗಸನನ್ನೇ ನೋಡಿದರು. ಗರಗಸ ಒಳಗೆಳೆದುಕೊಂಡ ಉಸಿರನ್ನು ಮೆಲ್ಲಗೆ ಮೂಗಿನಿಂದ ಹೊರಗೆ ಬಿಟ್ಟ.

"ದೂರೆಲ್ಲ ನಿಜವೇ ಸಾರ್," ಎಂದ. "ನಾನು ಬಹಳ ಕೆಟ್ಟದಾಗಿ ಹಾಡ್ತೀನಿ."

ಆ ಹುಡುಗರು ತಂತಿ ಮೀಟುತ್ತ ವೇದಿಕೆ ಹತ್ತಿದರು. ಗರಗಸ ಇಳಿದು ಮನೆಗೆ ನಡೆದ. ಬೀದಿಯವರೂ ಎದ್ದು ಅವನ ಹಿಂದೆಯೇ ಮನೆಮನೆಗೆ ಮರಳಿದರು. ಅವನು ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕುಳಿತ. ರಾಗವಿಲ್ಲ, ತಾಳವಿಲ್ಲ, "ಅಯ್ಯಯ್ಯಯ್ಯೋ!" ಎಂದು ಸೂರು ಹಾರುವಂತೆ ಕಿರುಚಿದ.

ಪಕ್ಕದ ಗೋಡೆಗೆ ಧಬಧಬನೆ ಗುದ್ದು ಬಿತ್ತು.

"ಬಾಯಿ ಮುಚ್ಚೋ!" ಎಂದು ದೊಡ್ಡಮ್ಮ ಕೂಗಿದರು. "ಪೊಲೀಸರು ಬರ್ತಾರೆ!"

ಮೂವತ್ತು ವರ್ಷಗಳಲ್ಲಿ ಆ ಬೀದಿಯವರೊಬ್ಬರು ಅವನಿಗೆ ಬಾಯಿ ಮುಚ್ಚು ಎಂದದ್ದು ಅದೇ ಮೊದಲು.